ಥಿಯಾನ್‌ಹೊಕ್ ಕಟ್ಟಿದ ಗೋಡೆ

ಹಿಂದಿನ ಸಂಜೆಯೇ ಉತ್ತರದ ಚಳಿಗಾಳಿ ಊರಿಗೆ ಇಳಿದಿತ್ತು. ಬೆಳಗಾಗುವ ಹೊತ್ತಿಗೆ ಮೋಡವೆಲ್ಲ ಚದುರಿ ತೈನಾನ್ ನಗರದ ಮೇಲೆ ತಿಳಿಬಿಸಿಲು ಹರಡಿದ್ದರೂ ಗಾಳಿ ಮಾತ್ರ ಓಣಿ ಬಿಟ್ಟು ಕದಲಲಿಲ್ಲ. ಬುನ್‌ಲಿಯಾಂಗ್ ಏಣಿಯ ಮೇಲೆ ನಿಂತು, ಚಪ್ಪರದಿಂದ ಮತ್ತೆ ಕಿತ್ತುಬಂದಿದ್ದ ಗುಲಾಬಿ ಬಟ್ಟೆಯ ತುದಿಯನ್ನು ಕಂಬಕ್ಕೆ ಬಿಗಿಯುತ್ತಿದ್ದ. ಕೆಳಗೆ ಏಣಿ ಹಿಡಿದಿದ್ದ ನೂಡಲ್ ಅಂಗಡಿಯವಳು, ಆ ಗಂಟು ನೋಡಿದರೆ ನಿಮ್ಮಮ್ಮ ಎದ್ದು ಬಂದು ತಾನೇ ಕಟ್ಟುತ್ತಾಳೆ ಎಂದು ಹಂಗಿಸಿದಳು.

ಚಪ್ಪರದ ಕೆಳಗೆ ಶವಪೆಟ್ಟಿಗೆಯಲ್ಲಿ ಮಲಗಿದ್ದ ಅವನ ತಾಯಿ ಗಿನ್‌ಚಿಯಾಮ್ ಏಳಲಿಲ್ಲ. ಅವಳಿಗೆ ಎಂಬತ್ತೆಂಟು ವರ್ಷ. ಅಷ್ಟು ಕಾಲ ಬಾಳಿ, ಮಧ್ಯಾಹ್ನದ ಊಟ ಮಾಡಿ, ಕುರ್ಚಿಯಲ್ಲೇ ಕಣ್ಣು ಮುಚ್ಚಿದವರಿಗೆ ನಮ್ಮಲ್ಲಿ ಬಿಳಿ ಬಟ್ಟೆ ಕಟ್ಟುವುದಿಲ್ಲ, ಗುಲಾಬಿ ಕಟ್ಟುತ್ತಾರೆ. ಅಂಥ ಸಾವು ದೇವರು ಕರೆದು ಕೈಯಲ್ಲಿಟ್ಟ ಪ್ರಸಾದದ ಹಾಗೆ. ಅಳು ಬಂದವರು ಅಳುತ್ತಾರೆ, ನಗು ಬಂದವರನ್ನೂ ಯಾರೂ ತಡೆಯುವುದಿಲ್ಲ.

ಅವಳ ದಿನಸಿ ಅಂಗಡಿ ಇದ್ದದ್ದು ವಿಶ್ವವಿದ್ಯಾಲಯದ ಹಿಂಬಾಗಿಲಿಗೆ ಎದುರಾಗಿ. ಆ ಬಾಗಿಲ ಒಳಗೆ, ಕಟ್ಟಡಗಳನ್ನು ನಡುಗಿಸಿ ತಳ್ಳಿ ನೋಡುವ ಭೂಕಂಪದ ಪ್ರಯೋಗಾಲಯ. ಜಪಾನಿನಿಂದ, ಚಿಲಿಯಿಂದ, ಇಟಲಿಯಿಂದ ಅಲ್ಲಿಗೆ ಬಂದ ಎಂಜಿನಿಯರುಗಳೆಲ್ಲ ಅವಳ ಅಂಗಡಿಯ ಚಹಾದಲ್ಲಿ ಬೆಂದ ಮೊಟ್ಟೆ ತಿಂದವರು, ಅವಳ ಬೈಗುಳ ಕೇಳಿದವರು. ಓಣಿಯ ಮಕ್ಕಳ ಹಾಗೆ ಅವರೂ ಅವಳನ್ನು ಆಮಾ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದರು. ಅವತ್ತು ಬೆಳಿಗ್ಗೆ ಚಪ್ಪರದ ಒಂದು ಸಾಲು ಪೂರ್ತಿ ಅಂಥವರೇ ಕೂತಿದ್ದರು. ಎಲ್ಲರ ಎದೆಯ ಮೇಲೂ ಗುಲಾಬಿ ಬಟ್ಟೆಯ ಚೂರು.

ಹೆಣ್ಣಿನ ಸಾವಿನಲ್ಲಿ ತವರಿನ ಅಣ್ಣತಮ್ಮಂದಿರ ಮಾತೇ ಕೊನೆಯ ಮಾತು. ಅವರು ಬಂದು ನೋಡಿ, ಸರಿ ಎಂದು ಮೊಳೆ ಹೊಡೆಯದೆ ಪೆಟ್ಟಿಗೆ ಮನೆ ಬಿಡುವಂತಿಲ್ಲ. ಆಮಾಳ ತಮ್ಮ ಹೈಸಾನ್ ಕಾರಿನಿಂದ ಇಳಿದಾಗ ಬುನ್‌ಲಿಯಾಂಗ್ ಮತ್ತು ಅವನ ಮಗಳು ಶಿನ್‌ಪೇ ಓಣಿಯ ಬಾಯಲ್ಲೇ ಮಂಡಿಯೂರಿ ಬರಮಾಡಿಕೊಂಡರು. ಎಂಬತ್ತು ದಾಟಿದ ಆ ಮುದುಕರು ಇಬ್ಬರನ್ನೂ ಭುಜ ಹಿಡಿದು ಎಬ್ಬಿಸಿದರು. ಅಕ್ಕನ ಮುಖ ಬಹಳ ಹೊತ್ತು ನೋಡಿದರು. ಚೆನ್ನಾಗಿ ಸಿಂಗಾರ ಮಾಡಿದ್ದೀರಿ, ತುಟಿಗೆ ಮಾತ್ರ ಬಣ್ಣ ಜಾಸ್ತಿಯಾಯಿತು, ಬಯ್ಯಲು ಬಾಯಿ ತೆರೆದರೆ ಹಲ್ಲಿಗೆ ಅಂಟುತ್ತದೆ ಎಂದರು. ಪುರೋಹಿತರು ಕೆಂಪು ಬಟ್ಟೆಯ ಮೇಲೆ ಸುತ್ತಿಗೆಯನ್ನೂ ಮೊಳೆಯನ್ನೂ ಇಟ್ಟು ಮುಂದೆ ಹಿಡಿದರು. ಹೈಸಾನ್ ಕೈಚಾಚಲಿಲ್ಲ.

“ಮೊದಲು ಒಂದು ಹೇಳು ಬುನ್‌ಲಿಯಾಂಗ್. ಸುಟ್ಟ ಮೇಲೆ ಅಕ್ಕನ್ನ ಎಲ್ಲಿ ಇಡ್ತೀರಿ?”

“ಅಪ್ಪನ ಪಕ್ಕದಲ್ಲಿ ಜಾಗ ಇದೆಯಲ್ಲ ಮಾವ...”

“ಆ ಗಾರೆಯವನ ಪಕ್ಕದಲ್ಲಾ? ನಾನು ಮಾತು ಕೊಟ್ಟಿದೀನಿ ಕಣಯ್ಯ. ಅಕ್ಕ ನನ್ನ ಕೈ ಹಿಡ್ಕೊಂಡು ಕೇಳಿದ್ಲು, ನನ್ನ ತಗೊಂಡ್ಹೋಗಿ ಅವನ ಪಕ್ಕ ಇಡೋಕೆ ಬಿಡಬೇಡ ಅಂತ. ಆ ಮಾತು ಮುರಿದು ನಾನು ಈ ಸುತ್ತಿಗೆ ಮುಟ್ಟಲ್ಲ.”

ಇದು ಓಣಿಗೆಲ್ಲ ಗೊತ್ತಿದ್ದ ಸಂಗತಿಯೇ. ಆಮಾಳ ಗಂಡ ಥಿಯಾನ್‌ಹೊಕ್ ಗಾರೆ ಕೆಲಸದವನು, ಇಪ್ಪತ್ತು ವರ್ಷದ ಹಿಂದೆ ತೀರಿಕೊಂಡಿದ್ದ. ಅವನ ಬೂದಿಯ ಭರಣಿ ಗುಡ್ಡದ ಮೇಲೆ, ಸತ್ತವರ ಭರಣಿಗಳನ್ನಿಡುವ ಗೋಪುರದ ನೆಲಮಹಡಿಯಲ್ಲಿತ್ತು. ಪಕ್ಕದ ಗೂಡನ್ನು ಮಗ ಅಮ್ಮನಿಗೆಂದು ಕಾದಿರಿಸಿದ್ದ. ಅವಳು ಅದನ್ನು ಒಲ್ಲೆನೆಂದು, ಮೂರನೇ ಮಹಡಿಯಲ್ಲಿ, ದೇವಸ್ಥಾನದ ಅಡುಗೆಮನೆ ಕಾಣುವ ಕಿಟಕಿಯ ಬಳಿ ಬೇರೆಯೇ ಗೂಡು ತೆಗೆದುಕೊಂಡಿದ್ದಳು. ಬದುಕಿದ್ದಷ್ಟು ದಿನ ಆ ಸೋಮಾರಿಯ ಗೊರಕೆ ಕೇಳಿದ್ದು ಸಾಲದೇ, ಸತ್ತ ಮೇಲಾದರೂ ಒಗ್ಗರಣೆಯ ಸದ್ದು ಕೇಳಿಕೊಂಡು ಇರುತ್ತೇನೆ ಎನ್ನುತ್ತಿದ್ದಳು.

ಶಿನ್‌ಪೇಗೆ ಮಾತ್ರ ಮನಸ್ಸು ಒಪ್ಪದು. ಅವಳು ಈಗ ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವಳು. ತಾತನ ಬಗ್ಗೆ ಅಜ್ಜಿಯ ಮನಸ್ಸು ಎಂದೋ ತಿರುಗಿದೆ, ಬಾಯಿ ಮಾತ್ರ ಹಳೆಯದನ್ನೇ ಹೇಳುತ್ತಿತ್ತು ಎಂಬುದು ಅವಳ ನಂಬಿಕೆ. ಅದು ತಿರುಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೆ ಕಂಡಿದ್ದನ್ನು ಹೇಳಿ ಮಾವಜ್ಜನನ್ನು ಒಪ್ಪಿಸುವುದು ಹೇಗೆ? ಇವತ್ತು ಇಬ್ಬರನ್ನೂ ಬೇರೆ ಬೇರೆ ಮಹಡಿಯಲ್ಲಿಟ್ಟರೆ ಇನ್ನು ಮುಂದೆ ಒಂದುಗೂಡಿಸುವವರು ಯಾರು?

ಪುರೋಹಿತರು ಗಡಿಯಾರ ನೋಡಿ, ಹೊರಡುವ ಗಳಿಗೆ ಹತ್ತಿರ ಬಂತು, ನೀವು ನೀವೇ ಯಾಕೆ ವಾದಿಸುತ್ತೀರಿ, ಅವರನ್ನೇ ಕೇಳಿಬಿಡಿ ಎಂದರು. ಒಂದು ಮುಖಕ್ಕೆ ಕೆಂಪು ಬಳಿದ ಎರಡು ನಾಣ್ಯ ಕೊಟ್ಟರು. ಒಂದು ಕೆಂಪು ಒಂದು ಬಿಳಿ ಬಿದ್ದರೆ ಹೌದು. ಎರಡೂ ಬಿಳಿಯಾದರೆ ಅಲ್ಲ. ಎರಡೂ ಕೆಂಪಾದರೆ, ಸತ್ತವರು ನಗುತ್ತಿದ್ದಾರೆ ಎಂದರ್ಥ, ಮತ್ತೆ ಕೇಳಬೇಕು.

ಬುನ್‌ಲಿಯಾಂಗ್ ಮಂಡಿಯೂರಿ, ಅಮ್ಮಾ ನಿನ್ನನ್ನ ಅಪ್ಪನ ಪಕ್ಕ ಇಡೋಣವಾ ಎಂದು ಕೇಳಿ ನಾಣ್ಯ ಚೆಲ್ಲಿದ. ಎರಡೂ ಕೆಂಪು.

ಹೈಸಾನ್ ಮುಂದೆ ಬಂದು, ಅಕ್ಕಾ ನೀನು ಹೇಳಿದ ಗೂಡಲ್ಲೇ ಒಬ್ಬಳೇ ಇರ್ತೀಯಾ ಎಂದು ಕೇಳಿ ಚೆಲ್ಲಿದರು. ಮತ್ತೆ ಎರಡೂ ಕೆಂಪು.

ಮಗ ಇನ್ನೊಮ್ಮೆ ಕೇಳಿದ, ತಮ್ಮ ಇನ್ನೊಮ್ಮೆ ಕೇಳಿದರು. ಕೆಂಪು, ಕೆಂಪು. ನೂಡಲ್ ಅಂಗಡಿಯವಳು ಬಾಯಿಗೆ ಕೈ ಒತ್ತಿಕೊಂಡಳು. ಹಿಂದಿನ ಸಾಲಿನಿಂದ ಯಾರೋ, ಆಮಾಗೆ ಹೊಟ್ಟೆ ಹುಣ್ಣಾಗುತ್ತೆ, ನಿಲ್ಲಿಸ್ರಪ್ಪ ಎಂದರು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಶಿನ್‌ಪೇ ಮಾತ್ರ ನೆಲದ ಮೇಲಿನ ಕೆಂಪು ನಾಣ್ಯಗಳನ್ನೇ ನೋಡುತ್ತಿದ್ದಳು.

*

ಎಂಟು ವರ್ಷದ ಹಿಂದೆ ಓಣಿ ಅಗಲ ಮಾಡುವ ಆದೇಶ ಬಂದಾಗ ಆಮಾಳ ಹಳೆಯ ಮನೆ ಒಡೆಯುವ ಸಾಲಿನಲ್ಲಿತ್ತು. ಮುಂದೆ ಕಂಬಗಳ ಮೊಗಸಾಲೆ, ಒಳಗೆ ಅಂಗಡಿ, ಮೇಲೆ ಮಲಗುವ ಕೋಣೆ. ಥಿಯಾನ್‌ಹೊಕ್ ತನ್ನ ಕೈಯಾರೆ ಕಟ್ಟಿದ ಇಟ್ಟಿಗೆ ಮನೆ. ಈ ನಾಡಿನ ಬೀದಿಬೀದಿಯಲ್ಲೂ ಅಂಥ ಮನೆಗಳಿವೆ. ಭೂಮಿ ನಡುಗಿದಾಗ ಜನ ಮೊದಲು ಹೆದರುವುದೂ ಅವುಗಳಿಗೇ.

ಅಂಥದ್ದೊಂದು ಮನೆ ಎಷ್ಟು ತಾಳುತ್ತದೆ ಎಂದು ತಿಳಿಯಲು ಜಪಾನ್, ಚಿಲಿ, ಇಟಲಿಯ ವಿಶ್ವವಿದ್ಯಾಲಯಗಳು ನಮ್ಮದರ ಜೊತೆ ಕೈಜೋಡಿಸಿದ್ದವು. ಜಪಾನಿನ ಕುರಿಬಯಾಶಿ ಎಂಬ ಹಿರಿಯ ಪ್ರೊಫೆಸರ್, ನಮ್ಮಲ್ಲಿ ದೊಡ್ಡ ಯಂತ್ರವಿದೆ, ಅದರ ಮೇಲೆ ಹೊಸದೊಂದು ಮನೆ ಕಟ್ಟಿ ಅಲುಗಾಡಿಸೋಣ ಎಂದಿದ್ದರು. ಆಗಿನ್ನೂ ಶಿನ್‌ಪೇ ಪಿಎಚ್‌.ಡಿ. ಓದುತ್ತಿದ್ದವಳು. ಅವಳ ಗುರುಗಳು ಒಪ್ಪಲಿಲ್ಲ. ಹೊಸ ಮನೆ ಮಳೆ ಕುಡಿದಿಲ್ಲ, ಮೊಳೆ ಹೊಡೆಸಿಕೊಂಡಿಲ್ಲ, ಅದರೊಳಗೆ ಯಾರೂ ಜಗಳವಾಡಿಲ್ಲ. ಬಾಳಿದ ಮನೆ ನಮ್ಮಲ್ಲಿದೆ, ಅದು ಎದ್ದು ಬರಲಾರದು, ನೀವು ಬನ್ನಿ ಎಂದು ಉತ್ತರ ಬರೆದರು. ಅವರು ಬಂದರು. ಉಕ್ಕಿನ ಚೌಕಟ್ಟು ನಿಂತಿತು, ಮನೆಯ ಎದೆಗೆ ಆನಿಸಿ ತಳ್ಳುವ ಜಾಕುಗಳು ಕೂತವು, ಗೋಡೆತುಂಬ ತಂತಿಗಳು ಹರಿದವು.

ಪ್ರಯೋಗದ ಹಿಂದಿನ ದಿನ ಒಂದೊಂದು ದೇಶದವರೂ ಲೆಕ್ಕ ಹಾಕಿ, ಎಷ್ಟು ಬಲಕ್ಕೆ ಮನೆ ಬೀಳುತ್ತದೆಂದು ಹಲಗೆಯ ಮೇಲೆ ಬರೆದರು. ಆಮಾಳನ್ನೂ ಕೇಳಿದರು. ಮೊದಲನೇ ನೂಕಿಗೇ ಬೀಳುತ್ತದೆ, ಕಟ್ಟಿದವನು ಯಾರೆಂದು ನಿಮಗಿಂತ ನನಗೆ ಚೆನ್ನಾಗಿ ಗೊತ್ತು ಎಂದಳು.

ಬೆಳಿಗ್ಗೆ ಮನೆಯ ಮುಂದೆ ಮೇಜು ಹಾಕಿ, ಹಣ್ಣು ಹೂವು ಇಟ್ಟು, ನೆಲ ಕಾಯುವ ದೇವರಿಗೆ ಎಲ್ಲರೂ ಊದುಬತ್ತಿ ಹಚ್ಚಿದರು. ನಮ್ಮ ಎಂಜಿನಿಯರುಗಳು ಯಂತ್ರಗಳ ಮೇಲೆ ಒಂದು ಬಗೆಯ ಜೋಳದ ಕುರುಕಲಿನ ಪೊಟ್ಟಣ ಇಡುವುದುಂಟು. ಅದರ ಹೆಸರಿನ ಅರ್ಥವೇ ತಂಟೆ ಮಾಡದೆ ಜಾಣತನದಿಂದಿರು ಎಂದು, ಇಟ್ಟರೆ ಯಂತ್ರ ಕೈಕೊಡುವುದಿಲ್ಲವೆಂದು ನಂಬಿಕೆ. ಪೊಟ್ಟಣ ಹಸಿರೇ ಆಗಬೇಕು, ಯಂತ್ರದ ಹಸಿರು ದೀಪದ ಹಾಗೆ. ಚಿಲಿಯ ಸಂಶೋಧಕಿ ಮಕರೇನಾ ರುಚಿ ಚೆನ್ನಾಗಿದೆಯೆಂದು ಹಳದಿ ಪೊಟ್ಟಣ ತೆಗೆದುಕೊಂಡಾಗ ಆಮಾ ಬೀದಿಯವರೆಗೂ ಅಟ್ಟಿಸಿಕೊಂಡು ಹೋಗಿ ಬದಲಾಯಿಸಿದ್ದಳು.

ಜಾಕುಗಳು ತಳ್ಳತೊಡಗಿದವು. ಆಮಾ ಬೀದಿಯ ಆಚೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಮನೆ ನರಳಿತು. ಗಾರೆ ಉದುರಿತು. ಗೋಡೆಯ ಮೇಲೆ ಓರೆಯಾಗಿ ಬಿರುಕು ಓಡಿತು. ಇಟಲಿಯವರು ಬರೆದ ಬಲ ದಾಟಿತು, ಜಪಾನಿನವರದು ದಾಟಿತು, ಕೊನೆಗೆ ಶಿನ್‌ಪೇಯ ಗುರುಗಳದೂ ದಾಟಿತು. ಜಾಕುಗಳ ತೋಳು ಚಾಚುವಷ್ಟು ಚಾಚಿ ಮುಗಿದವು. ಮನೆ ಸೊಂಟ ವಾಲಿಸಿ ನಿಂತೇ ಇತ್ತು. ಆಮಾಳ ಕೈಯಲ್ಲಿ ಕಡಲೆಕಾಯಿ ಹಾಗೇ ಉಳಿಯಿತು.

ಏನು ತಪ್ಪಾಯಿತೆಂದು ತಂತಿ ತಂತಿ ಹುಡುಕಿದರು. ಯಂತ್ರ ಸರಿಯಿತ್ತು, ಲೆಕ್ಕ ಸರಿಯಿತ್ತು. ಶಿನ್‌ಪೇ ತಲೆಗೆ ಟೊಪ್ಪಿ ಹಾಕಿಕೊಂಡು ಮನೆಯೊಳಕ್ಕೆ ಬಗ್ಗಿ ನೋಡಿದಳು. ಮೊದಲು ದೇವರು ಇದ್ದ ಗೂಡಿನಲ್ಲಿ, ಗೋಡೆಗೆ ಒರಗಿಸಿ, ಒಂದು ಹಸಿರು ಪೊಟ್ಟಣ.

“ಇದನ್ನ ಇಲ್ಲಿ ಇಟ್ಟವರು ಯಾರು?”

“ನಾನೇ,” ಎಂದಳು ಆಮಾ. “ಅಷ್ಟು ದೂರದಿಂದ ಜನ ಬಂದಿದಾರೆ, ನಾಲ್ಕು ಜನರ ಮುಂದೆ ಜಾಣತನದಿಂದಿರು ಅಂತ ಮನೆಗೆ ಹೇಳಿದ್ದೆ. ತಪ್ಪಾ?”

ಬೀಳಬೇಕಾದ ಮನೆಗೆ ಬೀಳಬೇಡವೆಂದು ಹೇಳಿದಂತಾಗಿತ್ತು. ಅರ್ಥ ಬಿಡಿಸಿ ಹೇಳಿದಾಗ ಇಟಲಿಯವರು ನೆಲದ ಮೇಲೆ ಕೂತು ನಕ್ಕರು. ಕುರಿಬಯಾಶಿ ಎರಡೂ ಕೈಯಲ್ಲಿ ಪೊಟ್ಟಣ ಎತ್ತಿಕೊಂಡು ಮನೆಗೆ ತಲೆಬಾಗಿ, ನಿಮ್ಮ ಕರ್ತವ್ಯ ಮುಗಿಯಿತು, ದಣಿದಿದ್ದೀರಿ ಎಂದು ಹೇಳಿ ಹೊರತಂದರು. ಮಾರನೆಯ ದಿನ ಜಾಕುಗಳನ್ನು ಮುಂದೆ ಸರಿಸಿ ತಳ್ಳಿದಾಗ ಮನೆ ಮಂಡಿಯೂರುವ ಆನೆಯ ಹಾಗೆ ನಿಧಾನವಾಗಿ ಕುಳಿತಿತು.

*

ಕುಸಿದ ಗೋಡೆಯನ್ನು ಒಂದೊಂದೇ ಇಟ್ಟಿಗೆಯಾಗಿ ಬಿಚ್ಚಿದಾಗ ಸಂಗತಿ ಹೊರಬಿತ್ತು. ಲೆಕ್ಕ ಹಾಕಿದವರೆಲ್ಲ ಮೊದಲು ಕಂಬ, ಆಮೇಲೆ ನಡುವೆ ತುಂಬಿದ ಗೋಡೆ ಎಂದುಕೊಂಡಿದ್ದರು. ಥಿಯಾನ್‌ಹೊಕ್ ಮೊದಲು ಗೋಡೆ ಎಬ್ಬಿಸಿ, ಅದರ ಅಂಚನ್ನು ಹಲ್ಲುಹಲ್ಲಾಗಿ ಬಿಟ್ಟು, ಆ ಹಲ್ಲುಗಳ ನಡುವೆ ಕಂಬದ ಕಾಂಕ್ರೀಟು ಸುರಿದಿದ್ದ. ಕಂಬ ಗೋಡೆಯನ್ನು ಕಚ್ಚಿ ಹಿಡಿದಿತ್ತು. ಮಕರೇನಾ ಕೈಯಿಂದ ಅದನ್ನು ಸವರಿ, ನಮ್ಮ ಊರಲ್ಲೂ ಹೀಗೇ ಕಟ್ಟುತ್ತಾರೆ, ಇದು ಇಲ್ಲಿರುತ್ತದೆಂದು ಅಂದುಕೊಂಡಿರಲಿಲ್ಲ ಎಂದಳು. ಅವತ್ತು ರಾತ್ರಿ ಅವಳ ದೇಶದ ನೆನಪು, ಜಪಾನಿನ ಲೆಕ್ಕ, ನಮ್ಮ ಓಣಿಯ ಇಟ್ಟಿಗೆ ಮೂರೂ ಒಂದೇ ಮೇಜಿನ ಮೇಲೆ ಕೂತವು. ಶಿನ್‌ಪೇಯ ಜೀವನದ ಕೆಲಸ ಶುರುವಾದದ್ದು ಅಲ್ಲಿಂದಲೇ. ನಾಲ್ಕು ವಿಶ್ವವಿದ್ಯಾಲಯಗಳ ಬರಹಗಳಲ್ಲಿ ಆ ಗೋಡೆಗೆ ಥಿಯಾನ್‌ಹೊಕ್ ಗೋಡೆ ಎಂಬ ಹೆಸರೇ ನಿಂತಿತು.

ಆ ಹೆಸರಿಟ್ಟ ದಿನವೇ ಅವಳು ಓಡಿಬಂದು ಅಜ್ಜಿಗೆ ಹೇಳಿದಳು. ಆಮಾ ಬೀನ್ಸಿನ ನಾರು ತೆಗೆಯುತ್ತ ಪೂರ್ತಿ ಕೇಳಿದಳು. ಕಂಬದ ಅಚ್ಚಿಗೆ ನಾಲ್ಕೂ ಕಡೆ ಹಲಗೆ ಕೊಯ್ಯಬೇಕಲ್ಲ, ಅದಕ್ಕೆ ಬೇಜಾರು ಆ ಮನುಷ್ಯನಿಗೆ. ಗೋಡೆಯನ್ನೇ ಹಲಗೆ ಮಾಡಿಕೊಂಡ. ಅದೂ ಒಂದು ಗೋಡೆಗೆ ಎರಡು ತಿಂಗಳು ಎಂದಳು.

“ಹಂಗಾದ್ರೆ ನಾಲ್ಕು ದೇಶದವರು ಸೇರಿ ನಿಮ್ಮ ತಾತನ ಸೋಮಾರಿತನಕ್ಕೆ ಹೆಸರಿಟ್ರಿ ಅನ್ನು.”

“ಆದರೂ ಮನೆ ನಿಂತಿತಲ್ಲ ಆಮಾ.”

“ಅದು ಪೊಟ್ಟಣದ ಮಹಿಮೆ.”

ಕೌಶಲವೋ ಸೋಮಾರಿತನವೋ, ಉತ್ತರ ಹೇಳಬೇಕಾದವನು ಗೋಪುರದಲ್ಲಿ ಭರಣಿಯೊಳಗಿದ್ದ. ಆದರೆ ಆ ಸಂಜೆ ಶಿನ್‌ಪೇ ಒಂದು ನೋಡಿದಳು. ದಿನವೂ ಆಮಾ ಗಂಡನ ಚಿತ್ರದ ಮುಂದೆ ಊದುಬತ್ತಿ ಸಿಕ್ಕಿಸಿ, ಎರಡು ಮಾತು ಬೈದು, ತಿರುಗಿ ಬರುತ್ತಿದ್ದಳು. ಅವತ್ತು ಊದುಬತ್ತಿ ಉರಿದು ಮುಗಿಯುವವರೆಗೂ ಅಲ್ಲೇ ನಿಂತು ಬೈದಳು. ಹಲಗೆ, ಗಾರೆ, ಸಾಲದ ಸಿಮೆಂಟು, ಮಳೆಗಾಲ, ಎಲ್ಲವನ್ನೂ ಎತ್ತಿ ಎತ್ತಿ ಬೈದಳು. ಆ ಬೈಗುಳದಲ್ಲಿ ಹೊಸ ಮದುವಣಗಿತ್ತಿಯ ರಾಗವಿತ್ತು.

*

ಪುರೋಹಿತರು ಮತ್ತೆ ಗಡಿಯಾರ ನೋಡಿದರು. ಹೈಸಾನ್ ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಪಕ್ಕದಲ್ಲೇ ಕೂತುಬಿಟ್ಟಿದ್ದರು. ಶಿನ್‌ಪೇ ಅವರ ಬಳಿ ಕುಕ್ಕರುಗಾಲಲ್ಲಿ ಕೂತು ಆ ಸಂಜೆಯ ಊದುಬತ್ತಿಯ ವಿಷಯ ಹೇಳಿದಳು.

“ಬೈದಳು ಅಂತ ನೀನೇ ಹೇಳ್ತಿದೀಯಲ್ಲಮ್ಮ,” ಎಂದರು ಮುದುಕರು. “ನಿನ್ನ ಆಸೆ ನನಗೆ ಗೊತ್ತಾಗುತ್ತೆ. ಆದರೆ ನನ್ನ ಕೈ ಹಿಡಿದಿದ್ದು ಅವಳು. ನಾಳೆ ನಾನೂ ಅಲ್ಲಿಗೇ ಹೋಗ್ತೀನಿ. ಬಾಗಿಲಲ್ಲೇ ನಿಂತಿರ್ತಾಳೆ.”

ಕೊಟ್ಟ ಮಾತನ್ನು ಹಿಡಿದು ಕೂತ ಮನುಷ್ಯನನ್ನು ಎಬ್ಬಿಸುವುದು ಧರ್ಮವಲ್ಲ ಎನ್ನಿಸಿತು ಅವಳಿಗೆ.

ಅಷ್ಟರಲ್ಲಿ ಕುರಿಬಯಾಶಿ ಊದುಬತ್ತಿ ಹಚ್ಚಲು ಎದ್ದು ಬಂದರು. ನಿವೃತ್ತರಾಗಿ ವರ್ಷಗಳಾಗಿದ್ದರೂ ಸುದ್ದಿ ತಿಳಿದು ಒಸಾಕಾದಿಂದ ಬಂದವರು. ನಮ್ಮ ಮಾತನ್ನು ಆಮಾಳ ಅಂಗಡಿಯಲ್ಲೇ ಕಲಿತವರಾದ್ದರಿಂದ ಅವರ ಬಾಯಲ್ಲಿ ಅದು ಅರ್ಧ ಚೌಕಾಸಿಯ ಹಾಗೆ, ಅರ್ಧ ಬೈಗುಳದ ಹಾಗೆ ಬರುತ್ತಿತ್ತು. ಪೆಟ್ಟಿಗೆಯ ಮುಂದೆ ತಲೆಬಾಗಿ, ನಮ್ಮ ಊರಿಗೆ ಬಾ, ಯಂತ್ರ ತೋರಿಸ್ತೀನಿ ಅಂತ ಎಷ್ಟು ವರ್ಷ ಕರೆದೆ ಎಂದು ಅಲ್ಲಿದ್ದವರಿಗೆ ಹೇಳಿದರು.

“ಅಂಗಡಿ ಬಿಟ್ಟು ನಾನ್ಯಾಕೆ ಬರ್ಲಿ, ಬೇಕಾದ್ರೆ ನೀನೇ ಬಾ ಅಂತಿದ್ಲು. ಯಾವತ್ತೂ ಅವಳು ಎಲ್ಲಿಗೂ ಹೋಗಲ್ಲ. ನಾವೇ ಬಂದ್ವಿ. ಇವತ್ತೂ ನೋಡಿ, ನಾವೇ ಬಂದಿದೀವಿ.”

ಶಿನ್‌ಪೇ ತಲೆಯೆತ್ತಿದಳು. ಆಮೇಲೆ ಎದ್ದು ಅಪ್ಪನ ಕೈಯಿಂದ ನಾಣ್ಯ ತೆಗೆದುಕೊಂಡಳು. ಅವನ ಪಕ್ಕ ಒಯ್ಯೋಣವಾ, ಒಬ್ಬಳೇ ಇರ್ತೀಯಾ ಎಂದಷ್ಟೇ ಎಲ್ಲರೂ ಕೇಳುತ್ತಿದ್ದರು. ಅವಳು ಮಂಡಿಯೂರಿ, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಕೇಳಿದಳು.

“ಆಮಾ, ನೀನೆಲ್ಲೂ ಹೋಗೋದು ಬೇಡ. ತಾತನೇ ನಿನ್ನ ಹತ್ತಿರ ಬರಬಹುದಾ?”

ನಾಣ್ಯಗಳು ಚಾಪೆಯ ಮೇಲೆ ಬಿದ್ದವು. ಒಂದು ಉರುಳುತ್ತ ಹೋಗಿ ಹೈಸಾನರ ಬೂಟಿಗೆ ತಾಗಿ ಮಲಗಿತು. ಎಲ್ಲರೂ ಬಗ್ಗಿದರು. ಒಂದು ಕೆಂಪು, ಒಂದು ಬಿಳಿ.

ಮುದುಕರು ಬೂಟಿನ ಹತ್ತಿರದ ನಾಣ್ಯವನ್ನೂ ಆಚೆಯ ನಾಣ್ಯವನ್ನೂ ಮತ್ತೆ ಮತ್ತೆ ನೋಡಿದರು. ಅವಳನ್ನು ಅವನ ಪಕ್ಕ ಒಯ್ಯಬಾರದೆಂದು ಮಾತು ಕೊಟ್ಟದ್ದು ನಿಜ. ಅವನು ಮೂರು ಮಹಡಿ ಹತ್ತಿ ಬರಬಾರದೆಂದು ಅಕ್ಕ ಎಂದೂ ಹೇಳಿರಲಿಲ್ಲ. ಅವರ ಭುಜ ಅಲುಗಾಡಿದ್ದು ನೋಡಿ ಬುನ್‌ಲಿಯಾಂಗ್ ಅಳುತ್ತಿದ್ದಾರೆಂದು ಹತ್ತಿರ ಹೋದ. ಅವರು ನಗುತ್ತಿದ್ದರು.

“ಕೊನೆಗೂ ಅವನ್ನೇ ಓಡಾಡಿಸಿದ್ಲು,” ಎಂದು ಹೈಸಾನ್ ಸುತ್ತಿಗೆಗೆ ಕೈಚಾಚಿದರು.

ಆ ಮಹಡಿಯಲ್ಲಿ ಪಕ್ಕದ ಗೂಡು ಖಾಲಿಯಿದೆಯೇ ಎಂದು ಬುನ್‌ಲಿಯಾಂಗ್ ಗೋಪುರಕ್ಕೆ ಫೋನು ಮಾಡಿದ. ಅಡುಗೆಮನೆಯ ಹೊಗೆ ಬರುತ್ತದೆಂದು ಆ ಕಡೆ ಯಾರೂ ಕೇಳುವುದೇ ಇಲ್ಲ, ಬೇಕಾದ್ದು ಆರಿಸಿಕೊಳ್ಳಿ ಎಂದರಂತೆ. ಪುರೋಹಿತರು ಪಂಚಾಂಗ ತಿರುವಿ, ಸ್ಥಳ ಬದಲಿಸಲು ಇವತ್ತಿನ ದಿನ ಒಳ್ಳೆಯದೇ, ಆದರೆ ಆ ಯಜಮಾನರನ್ನೂ ಒಂದು ಮಾತು ಕೇಳಬೇಡವೇ ಎಂದರು. ಡೋಲು ಮೊಳಗಿತು. ಪೆಟ್ಟಿಗೆ ಎದ್ದಿತು. ಚಪ್ಪರದ ಗುಲಾಬಿ ಬಟ್ಟೆಯ ಗಂಟು ಮತ್ತೆ ಬಿಚ್ಚಿಕೊಂಡು ಗಾಳಿಯಲ್ಲಿ ಹಾರಾಡುತ್ತಿತ್ತು, ಈ ಸಲ ಯಾರೂ ಕಟ್ಟಲು ಹೋಗಲಿಲ್ಲ.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಆಮಾ ಬಿಳಿ ಕಲ್ಲಿನ ಭರಣಿಯಾಗಿ ಮೂರನೇ ಮಹಡಿಯ ಕಿಟಕಿಯ ಬಳಿ ಕುಳಿತಿದ್ದಳು. ಕೆಳಗಿನ ಅಡುಗೆಮನೆಯಿಂದ ಶುಂಠಿ ಹುರಿಯುವ ಸದ್ದು ಕೇಳಿಬರುತ್ತಿತ್ತು.

ನೆಲಮಹಡಿಯಲ್ಲಿ ಥಿಯಾನ್‌ಹೊಕ್‌ನ ಗೂಡಿನ ಬಾಗಿಲು ತೆಗೆದು ಬುನ್‌ಲಿಯಾಂಗ್ ಕೇಳಿದ: ಅಪ್ಪಾ, ಅಮ್ಮ ಮೇಲೆ ಬಾ ಅಂತಿದಾಳೆ, ಹೋಗೋಣವಾ? ನಾಣ್ಯ ಚೆಲ್ಲಿದ ಮೊದಲ ಸಲವೇ ಒಂದು ಕೆಂಪು, ಒಂದು ಬಿಳಿ. ಬದುಕಿದ್ದಾಗಲೂ ಹೀಗೇ, ಎದುರು ಮಾತಾಡಿದವನಲ್ಲ ಎಂದು ನೂಡಲ್ ಅಂಗಡಿಯವಳು ಕಣ್ಣೊರೆಸಿಕೊಂಡು ನಕ್ಕಳು.

ಭರಣಿ ಎತ್ತಲು ಮಗ ಬಗ್ಗಿದ. ಹೈಸಾನ್ ಅವನನ್ನು ಮೊಣಕೈಯಿಂದ ಮೆಲ್ಲಗೆ ಸರಿಸಿ ತಾವೇ ಎತ್ತಿಕೊಂಡರು. ಎಂಬತ್ತು ದಾಟಿದ ಕೈಗಳಲ್ಲಿ ಅದು ಎದೆಗೆ ಆತುಕೊಂಡು ನಿಂತಿತು. ಭರಣಿಗೆ ಬಿಸಿಲು ತಾಗಬಾರದೆಂದು ಪುರೋಹಿತರು ಕಪ್ಪು ಕೊಡೆಯನ್ನು ಕುರಿಬಯಾಶಿಯವರ ಕೈಗಿತ್ತರು. ಮೆಟ್ಟಿಲು ಬಂದಾಗ, ತಿರುವು ಬಂದಾಗ, ಹೋಗುವವರನ್ನು ಕರೆದು ಹೇಳಬೇಕು, ಇಲ್ಲದಿದ್ದರೆ ಹಿಂದುಳಿದುಬಿಡುತ್ತಾರೆ, ಯಾರು ಕರೆಯುತ್ತೀರಿ ಎಂದು ಕೇಳಿದರು.

ಬುನ್‌ಲಿಯಾಂಗ್ ಬಾಯಿ ತೆರೆಯುವಷ್ಟರಲ್ಲಿ ಹೈಸಾನ್ ಮೊದಲ ಮೆಟ್ಟಿಲ ಬಳಿ ನಿಂತಿದ್ದರು. ಅವರು ತುಟಿ ಒದ್ದೆ ಮಾಡಿಕೊಂಡರು. ಅಕ್ಕನ ಮದುವೆಯಾಗಿ ಇಷ್ಟು ವರ್ಷ ಅವರ ಬಾಯಲ್ಲಿ ಬಾರದಿದ್ದ ಒಂದು ಮಾತು, ಶಿನ್‌ಪೇಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಬಂತು.

“ಭಾವಾ, ಮೆಟ್ಟಿಲು.”

ಒಂದು ಹೆಜ್ಜೆ ಹತ್ತಿ ನಿಂತರು. ಕೊಡೆಯೂ ನಿಂತಿತು. ನಿಧಾನದ ಮನುಷ್ಯನೊಬ್ಬ ಹಿಂದೆ ಕಾಲೆತ್ತಿ ಇಡುವವರೆಗೆ ಕಾದು, ಭರಣಿಯನ್ನು ಇನ್ನೊಂದಿಷ್ಟು ಒತ್ತಿಹಿಡಿದು, ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.

“ಭಾವಾ, ಇನ್ನೊಂದು.”